ಕಡಲು ನಮ್ಮದೇ, ದಾರಿ ತೋರುವವರು ಯಾರು?

ಶುಕ್ರವಾರ ರಾತ್ರಿ ಒಂಬತ್ತರ ಹೊತ್ತಿಗೆ ಬೆಂಗಳೂರಿನ ಆನಂದರಾವ್ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಬೆನ್ನಿಗೆ ಚೀಲ, ತಲೆಗೆ ಟೋಪಿ, ಕಿವಿಗೆ ಹಾಡು. ನಮ್ಮದೇ ಹುಡುಗರ ದಂಡು. ಎಲ್ಲಿಗಪ್ಪಾ ಸವಾರಿ? ಗೋವಾಕ್ಕೆ! ಯಾಕಪ್ಪಾ? ಸಮುದ್ರ ನೋಡೋಕೆ!

ಬಸ್ಸು ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾ ಮುಟ್ಟಿ, ಕಾರವಾರದಲ್ಲಿ ಕಾಳಿ ನದಿಯನ್ನು ದಾಟುವಾಗ ಇವರೆಲ್ಲ ಗೊರಕೆ ಹೊಡೆಯುತ್ತಿರುತ್ತಾರೆ. ಮುನ್ನೂರು ಕಿಲೋಮೀಟರಿಗೂ ಉದ್ದದ ಕಡಲತೀರ ಇರುವ ನಾಡಿನ ಮಕ್ಕಳು ತಮ್ಮ ಕಡಲನ್ನು ನಿದ್ದೆಯಲ್ಲಿ ದಾಟಿ ಪಕ್ಕದ ರಾಜ್ಯದ ಕಡಲನ್ನು ಕಾಸು ಕೊಟ್ಟು ನೋಡಿ ಬರುತ್ತಾರೆ. ಗೋವಾಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಹೋಗಿ ಬನ್ನಿ, ಅದೂ ಚೆಂದದ ನಾಡು. ಆದರೆ ಮನೆಯ ಅಂಗಳವನ್ನು ಒಮ್ಮೆಯಾದರೂ ಎಚ್ಚರದಲ್ಲಿ ನೋಡಿದ್ದೀರಾ?

‘ನೋಡಿದ್ದೇವೆ ಸಾರ್, ಗೋಕರ್ಣಕ್ಕೆ ಹೋಗಿದ್ವಿ’ ಎನ್ನುವವರೂ ಇದ್ದಾರೆ. ಯಾರ ಜೊತೆ ಹೋಗಿದ್ದಿರಿ? ಏನು ನೋಡಿದಿರಿ? ಯಾರನ್ನು ಮಾತನಾಡಿಸಿದಿರಿ? ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಬಾಯಿ ಕಟ್ಟುತ್ತದೆ. ನಾವು ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ಇದೇ ತಪ್ಪನ್ನು ಮೊದಲು ಮಾಡಿದವರು ನಾವೇ.

ನಮ್ಮ ಮುಖಕ್ಕೆ ಹೊಡೆದ ಪಾಠ

ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಹನ್ನೊಂದು ಜನ ಉತ್ತರ ಕನ್ನಡದ ಕರಾವಳಿಗೆ ಹೊರಟೆವು. ಯಾರಿಗೂ ಪುರುಸೊತ್ತಿಲ್ಲ ನೋಡಿ! ಬೆಂಗಳೂರಿನ ಒಬ್ಬ ಏಜೆಂಟನಿಗೆ ಫೋನು ಮಾಡಿ, ಹಣ ಕಟ್ಟಿ, ಗಾಡಿ-ಊಟ-ವಸತಿ-ಗೈಡು ಎಲ್ಲವನ್ನೂ ಅವನ ತಲೆಗೆ ಕಟ್ಟಿ ಕೈ ತೊಳೆದುಕೊಂಡೆವು. ಊರಲ್ಲಿ ಕನ್ನಡಕ್ಕಾಗಿ ಗಂಟಲು ಹರಿದುಕೊಳ್ಳುವ ನಾವು ಆ ಏಜೆಂಟನಿಗೆ ‘ಗೈಡು ಯಾವ ಊರಿನವನು?’ ಎಂಬ ಒಂದು ಪ್ರಶ್ನೆ ಕೇಳಲಿಲ್ಲ.

ಬಂದ ಗೈಡು ಒಳ್ಳೆಯ ಹುಡುಗ. ದೂರದ ರಾಜ್ಯದಿಂದ ಹೊಟ್ಟೆಪಾಡಿಗೆ ಬಂದವನು. ಅವನ ಮೇಲೆ ನಮಗೆ ಕೋಪವಿಲ್ಲ. ಆದರೆ ಅವನಿಗೆ ಕನ್ನಡ ಬರದು, ಆ ಊರೂ ಗೊತ್ತಿಲ್ಲ. ಮಿರ್ಜಾನ್ ಕೋಟೆಯ ಮುಂದೆ ನಿಲ್ಲಿಸಿ ಎರಡು ನಿಮಿಷದ ಇಂಗ್ಲಿಷ್ ಪಾಠ ಒಪ್ಪಿಸಿದ. ‘ಈ ಬಾವಿ ಯಾಕೆ ಇಷ್ಟು ಆಳ?’ ಎಂದು ಕೇಳಿದರೆ ಮೊಬೈಲು ತೆಗೆದು ನೋಡತೊಡಗಿದ. ಕೋಟೆಯ ಹೊರಗೆ ದನ ಮೇಯಿಸುತ್ತಿದ್ದ ಅಜ್ಜನೊಬ್ಬ ಕೋಟೆಯ ಬುಡದವರೆಗೆ ಬರುತ್ತಿದ್ದ ಹಿನ್ನೀರು, ಮೆಣಸು ತುಂಬಿಕೊಂಡು ಹೋಗುತ್ತಿದ್ದ ದೋಣಿ, ಎಲ್ಲವನ್ನೂ ಕತೆಯಂತೆ ಹೇಳಿದ. ಪುಕ್ಕಟೆಯಾಗಿ ಹೇಳಿದ! ನಮ್ಮ ಗೈಡು ನಮ್ಮ ಜೊತೆಗೇ ನಿಂತು ಪಿಳಿಪಿಳಿ ನೋಡುತ್ತಿದ್ದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮಾರನೆಯ ದಿನ ಸಂಜೆ ಜನವಿಲ್ಲದ ಒಂದು ಕಡಲತೀರದಲ್ಲಿ ಗಾಡಿ ನಿಂತಿತು. ಅಲೆ ಏಳದ, ತಣ್ಣಗೆ ಕಾಣುವ ಒಂದು ಜಾಗ ತೋರಿಸಿ ಗೈಡು ‘ಸೇಫ್, ಸೇಫ್’ ಎಂದ. ನಾಲ್ವರು ಇಳಿದೇಬಿಟ್ಟರು. ದೂರದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಎಸೆದು ಓಡಿಬಂದಳು. ‘ಏ ತಮ್ಮಾ, ಅಲ್ಲಿ ಇಳೀಬೇಡ್ರೋ! ನೀರು ಎಳೀತದೆ!’ ಗೈಡಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳು ಹಣ ಕೇಳಲು ಬಂದಳೆಂದುಕೊಂಡು ಕೈ ಬೀಸಿ ಹೋಗೆಂದ! ನಮಗೆ ತಿಳಿಯಿತು. ಸೊಂಟದವರೆಗೆ ಹೋಗಿದ್ದವರು ಕಾಲು ಕಿತ್ತು ದಡಕ್ಕೆ ಬಂದರು. ಆಮೇಲೆ ಆ ತಾಯಿ ಒಂದು ತೆಂಗಿನ ಸಿಪ್ಪೆಯನ್ನು ಅದೇ ‘ತಣ್ಣಗಿನ’ ಜಾಗಕ್ಕೆ ಎಸೆದು ತೋರಿಸಿದಳು. ಅದು ದಡಕ್ಕೆ ಮರಳಲಿಲ್ಲ. ನೋಡನೋಡುತ್ತಿದ್ದಂತೆ ಒಳಕ್ಕೆ, ಇನ್ನೂ ಒಳಕ್ಕೆ ಹೋಯಿತು.

ಗೆಳೆಯರೇ, ಕನ್ನಡ ಅಂದರೆ ಬಾವುಟ, ಕನ್ನಡ ಅಂದರೆ ನವೆಂಬರ್ ಒಂದು, ಕನ್ನಡ ಅಂದರೆ ಬೋರ್ಡಿಗೆ ಬಳಿಯುವ ಬಣ್ಣ ಎಂದುಕೊಂಡಿದ್ದ ನಮಗೆ ಆ ಸಂಜೆ ಬೇರೆಯೇ ಪಾಠವಾಯಿತು. ಆ ನೆಲದ ಅರಿವೆಲ್ಲ ಆ ನೆಲದವರ ಮಾತಿನಲ್ಲಿದೆ. ಆ ಮಾತು ಬಲ್ಲವರನ್ನು ಬಿಟ್ಟು ಹೊರಟ ಪ್ರವಾಸ ಕುರುಡು ಪ್ರವಾಸ.

ಕಡಲು ಹಲ್ಲು ತೋರಿಸಿ ಬರುವುದಿಲ್ಲ

ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ವಾಪಸು ಹೋಗಲೇಬೇಕು. ಅದು ಒಂದು ಕಿರಿದಾದ ಓಣಿ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದಿಲ್ಲ. ಆದ್ದರಿಂದ ಹೊಸಬರ ಕಣ್ಣಿಗೆ ಅದೇ ಅತ್ಯಂತ ಶಾಂತವಾದ ಜಾಗ! ಸಿಕ್ಕಿಕೊಂಡವನು ಹೆದರಿ ನೇರವಾಗಿ ದಡದತ್ತ ಈಜುತ್ತಾನೆ. ಸೆಳೆತದ ಎದುರು ಈಜಿ ಗೆದ್ದವರಿಲ್ಲ, ಸುಸ್ತಾಗಿ ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಓಣಿಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಈಜು ಬಾರದವನು ಕೈಕಾಲು ಬಡಿಯದೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಈ ಮಾತನ್ನು ಮೀನುಗಾರರ ಮನೆಯ ಮಗುವೂ ಬಲ್ಲದು. ಡಿಗ್ರಿ ಮಾಡಿದ ನಮಗೆ ಗೊತ್ತಿಲ್ಲ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸಮುದ್ರದ ಪಾಲಾದರು. ಬಯಲುಸೀಮೆಯ ಮಕ್ಕಳು, ಕಡಲು ನೋಡುವ ಆಸೆಯಿಂದ ಬಂದವರು. ಅಲ್ಲಿ ಭಾಷೆ ಕಾರಣವಾಯಿತು ಎಂದು ನಾವು ಹೇಳುತ್ತಿಲ್ಲ, ಆ ಸಾವನ್ನು ನಮ್ಮ ವಾದಕ್ಕೆ ಬಳಸಿಕೊಳ್ಳುವಷ್ಟು ನಾವು ಕೆಟ್ಟಿಲ್ಲ. ಹೇಳುತ್ತಿರುವುದು ಇಷ್ಟೇ: ಬಯಲುಸೀಮೆಯಿಂದ ಕಡಲಿಗೆ ಹೋಗುವ ಪ್ರತಿ ತಂಡದ ಜೊತೆ ಆ ಕಡಲನ್ನು ಬಲ್ಲವರೊಬ್ಬರು ಇರಲೇಬೇಕು. ಡ್ರೈವರ್ ಇಲ್ಲದೆ ಗಾಡಿ ಹೊರಡಿಸುತ್ತೀರಾ? ಹಾಗೆಯೇ ಇದು.

ಹಾಗಾದರೆ ಹೊರಡುವುದು ಹೇಗೆ?

ಬೈದು ಮುಗಿಸುವುದು ಸುಲಭ. ದಾರಿಯನ್ನೂ ಹೇಳುತ್ತೇವೆ, ಬರೆದಿಟ್ಟುಕೊಳ್ಳಿ.

ಹತ್ತು-ಹನ್ನೆರಡು ಜನ ಸೇರಿ. ಒಂದು ಟೆಂಪೋ ಟ್ರಾವೆಲರ್‌ಗೆ ಸರಿಹೋಗುವ ಲೆಕ್ಕ ಅದು. ಅದಕ್ಕಿಂತ ಹೆಚ್ಚಾದರೆ ಅದು ಪ್ರವಾಸವಲ್ಲ, ಜಾತ್ರೆ. ಗೈಡಿನ ಮಾತು ಹಿಂದಿನವನಿಗೆ ಕೇಳುವುದಿಲ್ಲ.

ನಾಲ್ಕು ದಿನ ಇಟ್ಟುಕೊಳ್ಳಿ. ಕಾರವಾರದಿಂದ ಭಟ್ಕಳಕ್ಕೆ ಹೆದ್ದಾರಿಯಲ್ಲಿ 130 ಕಿಲೋಮೀಟರಿನ ಆಸುಪಾಸು. ಇಷ್ಟನ್ನು ಒಂದೇ ದಿನದಲ್ಲಿ ಓಡಿಸಿಬಿಡುವ ಏಜೆಂಟರಿದ್ದಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ಕಡಲು ಸೇರುವ ನೆಲ ಇದು. ಹೊಳೆಗೊಂದು ದಿನ ಕೊಡಿ, ಸಾಕು.

ಕಾಲ ನೋಡಿ ಹೊರಡಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಒಳ್ಳೆಯದು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನುಗಾರರ ಯಾಂತ್ರಿಕ ದೋಣಿಗಳೇ ಸಮುದ್ರಕ್ಕೆ ಇಳಿಯುವಂತಿಲ್ಲ, ನಿಮಗೇನು ಅವಸರ? ಮಳೆಗಾಲದ ಕರಾವಳಿ ಚೆಂದ, ಒಪ್ಪುತ್ತೇವೆ. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯ ಸಂಸಾರವನ್ನೂ ದಾರಿಹೋಕರನ್ನೂ ಗಂಗಾವಳಿಗೆ ತಳ್ಳಿತು. ಮರುತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಮಳೆಗಾಲದಲ್ಲಿ ಹೋಗಲೇಬೇಕೆಂದರೆ ಊರಿನವರು ‘ಬನ್ನಿ’ ಎಂದ ಮೇಲೆ ಹೊರಡಿ. ಅವರು ‘ಇವತ್ತು ಬೇಡ’ ಎಂದರೆ ಅದು ವೇದವಾಕ್ಯ.

ರೈಲು ಬಳಸಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಈ ಕರಾವಳಿಗೆ ಹೋಗುವುದು ದೊಡ್ಡ ಮಾತಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ರೈಲು. ಅಲ್ಲಿ ಇಳಿದು ಅಲ್ಲಿಯದೇ ಗಾಡಿ ಹಿಡಿಯಿರಿ. ಗಾಡಿಯ ಬಾಡಿಗೆಯಾದರೂ ಆ ಜಿಲ್ಲೆಯಲ್ಲೇ ಉಳಿಯಲಿ.

ಇನ್ನು ಮುಖ್ಯ ಮಾತು, ಗೈಡು. ನಾಲ್ಕೂ ದಿನಕ್ಕೆ ಒಬ್ಬನೇ ಗೈಡು ಬೇಕಿಲ್ಲ. ಊರಿಗೊಬ್ಬರನ್ನು ಹಿಡಿಯಿರಿ. ದೋಣಿಯ ದಿನ ಮೀನುಗಾರರ ಪೈಕಿಯವರು, ಕೋಟೆಯ ದಿನ ಇತಿಹಾಸ ಓದಿದ ಮೇಷ್ಟ್ರು, ಗುಡ್ಡ ಹತ್ತುವ ದಿನ ಅಲ್ಲಿನ ಹುಡುಗ. ಹುಡುಕುವುದು ಹೇಗೆ? ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಗೆ ಫೋನು ಮಾಡಿ ತರಬೇತಿ ಪಡೆದ ಗೈಡುಗಳ ಹೆಸರು ಕೇಳಿ. ಕನ್ನಡದಲ್ಲೇ ಕೇಳಿ. ಊರಿನ ಹೈಸ್ಕೂಲು, ಕಾಲೇಜು, ಮೀನುಗಾರರ ಸಹಕಾರ ಸಂಘ, ಯುವಕ ಮಂಡಲಗಳನ್ನು ವಿಚಾರಿಸಿ. ನಿಮ್ಮ ಆಫೀಸಿನಲ್ಲೇ ಕುಮಟಾದವರೋ ಹೊನ್ನಾವರದವರೋ ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಕೇಳಿ. ಇದಕ್ಕೆ ನಾಲ್ಕು ಫೋನು, ಎರಡು ದಿನ ಬೇಕು. ಅಷ್ಟೇ!

ಹಣದ ಮಾತನ್ನು ಮೊದಲೇ ಆಡಿಮುಗಿಸಿ. ದಿನಕ್ಕೆಷ್ಟು, ಊಟ ಯಾರದು, ದೋಣಿಗೆಷ್ಟು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಕ್ತಾಯ. ಮಳೆ ಬಂದು ರದ್ದಾದರೆ ಏನು? ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೊರಗಿನ ಗೈಡಿಗೆ ತುಟಿಪಿಟಕ್ಕೆನ್ನದೆ ಕೊಡುವ ಹಣವನ್ನು ನಮ್ಮ ಹುಡುಗನಿಗೆ ಕೊಡುವಾಗ ಮಾತ್ರ ಚೌಕಾಸಿ ಮಾಡುವ ಕೆಟ್ಟ ಚಾಳಿ ನಮ್ಮಲ್ಲಿದೆ. ‘ಕನ್ನಡದವನೇ ಅಲ್ವಾ, ಅಡ್ಜಸ್ಟ್ ಮಾಡ್ಕೋ ಗುರು’ ಎನ್ನುವವನು ಕನ್ನಡಾಭಿಮಾನಿಯಲ್ಲ, ಜಿಪುಣ.

ಹೊಳೆಗೊಂದು ದಿನ

ಮೊದಲ ದಿನ ಕಾಳಿ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಯಾಕೆ ಗೊತ್ತೇ? ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದಲ್ಲಿ ತರುಣ ರವೀಂದ್ರರು ಇಲ್ಲಿಗೆ ಬಂದು ಇದ್ದರು, ಇಲ್ಲೇ ಒಂದು ನಾಟಕ ಬರೆದರು. ಬಂಗಾಳದ ಕವಿ ನಮ್ಮ ಕಡಲನ್ನು ಎಚ್ಚರದಲ್ಲಿ ನೋಡಿದ, ನಾವು ಗೊರಕೆ ಹೊಡೆಯುತ್ತ ದಾಟುತ್ತಿದ್ದೇವೆ! ಸೇತುವೆಯಾಚೆ ಸದಾಶಿವಗಡದ ಕೋಟೆ ಹತ್ತಿ ಹೊಳೆ ಕಡಲು ಸೇರುವುದನ್ನು ನೋಡಿ. ದಕ್ಷಿಣಕ್ಕೆ ತಿರುಗಿದರೆ ಸೀಬರ್ಡ್ ನೌಕಾನೆಲೆ. ದೇಶಕ್ಕಾಗಿ ಮನೆ, ಗದ್ದೆ, ದೋಣಿ ನಿಲ್ಲಿಸುವ ದಡ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳ ಕತೆಯನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಆ ಕುಟುಂಬದ ಹುಡುಗನೇ ನಿಮ್ಮ ಗೈಡಾದರೆ ಹೇಳುತ್ತಾನೆ.

ಎರಡನೆಯ ದಿನ ಗಂಗಾವಳಿಯ ಸೀಮೆ, ಅಂಕೋಲಾ. 1930ರ ಏಪ್ರಿಲ್‌ನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದ ನೆಲ. ಕಂದಾಯ ಕೊಡದೆ ಜಪ್ತಿಗೆ ಎದೆಯೊಡ್ಡಿದ ರೈತರ ತಾಲ್ಲೂಕು. ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಪುಕ್ಕಟೆಯಾಗಿ ಬಂದದ್ದಲ್ಲ. ಚುಟುಕಗಳ ಕವಿ, ರೈತ ಹೋರಾಟಗಾರ, ಹಳ್ಳಿಗಳಲ್ಲಿ ಶಾಲೆ ಕಟ್ಟಿದ ದಿನಕರ ದೇಸಾಯಿ ಇಲ್ಲಿಯವರು. ಗಿಡಮರಗಳ ಜ್ಞಾನಕ್ಕೆ ಪದ್ಮಶ್ರೀ ಪಡೆದ ತುಳಸಿ ಗೌಡ, ಹಾಲಕ್ಕಿ ಹಾಡುಗಳ ಕಣಜವಾಗಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡ, ಇಬ್ಬರೂ ಈ ತಾಲ್ಲೂಕಿನವರು. ಒಬ್ಬರು 2024ರ ಡಿಸೆಂಬರ್‌ನಲ್ಲಿ, ಇನ್ನೊಬ್ಬರು 2025ರ ಫೆಬ್ರವರಿಯಲ್ಲಿ ಹೋದರು. ಎರಡು ತಿಂಗಳ ಅಂತರದಲ್ಲಿ ಎರಡು ಗ್ರಂಥಭಂಡಾರ ಮುಚ್ಚಿದಂತಾಯಿತು. ನಮ್ಮಲ್ಲಿ ಎಷ್ಟು ಜನ ಅವರನ್ನು ಕಂಡು ಮಾತನಾಡಿಸಿದ್ದೆವು? ಒಂದು ಎಚ್ಚರ: ದಾರಿಯಲ್ಲಿ ಸಿಗುವ ಹಾಲಕ್ಕಿ ಅಜ್ಜಿಯರ ಮುಖಕ್ಕೆ ಮೊಬೈಲು ಹಿಡಿಯಬೇಡಿ. ಅವರು ಮ್ಯೂಸಿಯಂ ಗೊಂಬೆಗಳಲ್ಲ. ‘ಅಜ್ಜಿ, ಹೇಗಿದ್ದೀರಿ?’ ಎನ್ನಿ, ಕೂತು ಮಾತನಾಡಿ, ಒಪ್ಪಿದರೆ ಮಾತ್ರ ಚಿತ್ರ. ಮೇ ತಿಂಗಳಲ್ಲಿ ಹೋದರೆ ಕರಿ ಈಶಾಡ ಮಾವು ಕೇಳಿ ತಿನ್ನಿ. ಅದಕ್ಕೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಮೂರನೆಯ ದಿನ ಅಘನಾಶಿನಿ. ಗೋಕರ್ಣದ ಮಹಾಬಲೇಶ್ವರನಿಗೆ ಕೈ ಮುಗಿದು, ಬೆಳಗಿನ ತಂಪಿನಲ್ಲಿ ಗುಡ್ಡದ ಕಾಲುದಾರಿ ಹಿಡಿದು ಕುಡ್ಲೆಯಿಂದ ಓಂ ಬೀಚಿಗೆ ನಡೆಯಿರಿ. ಎಲ್ಲರೂ ಅಲ್ಲಿಗೇ ಮುಗಿಸುತ್ತಾರೆ. ನೀವು ಮುಗಿಸಬೇಡಿ. ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗಿ, ಬೇಸಿಗೆಯಲ್ಲಿ ಬೆಳ್ಳಗೆ ರಾಶಿ ಬೀಳುವ ಉಪ್ಪು ನೋಡಿ. ಸ್ವಲ್ಪ ದೂರದ ಹನೇಹಳ್ಳಿ ಯಶವಂತ ಚಿತ್ತಾಲರ ಊರು. ಮುಂಬೈಯಲ್ಲಿ ಬಾಳಿದರೂ ಅವರ ಕತೆಗಳು ಈ ಹಳ್ಳಿಯನ್ನು ಬಿಡಲಿಲ್ಲ. ತದಡಿಯಲ್ಲಿ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ಹೋಗಿ. ಇಳಿತದ ಹೊತ್ತಿನಲ್ಲಿ ಜನ ಅಳಿವೆಯ ಕೆಸರಿನಲ್ಲಿ ನಿಂತು ಬಳಚು ಆಯುವುದನ್ನು ನೋಡಿ. ಇಳಿತ ಎಷ್ಟು ಗಂಟೆಗೆ? ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಅಲ್ಲಿನವರು ತಿಥಿ ಎಣಿಸಿ ಥಟ್ಟನೆ ಹೇಳುತ್ತಾರೆ. ಉಪ್ಪುನೀರಿಗೂ ಜಗ್ಗದ ಕಗ್ಗ ಎಂಬ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಇಲ್ಲೇ. ಅಣೆಕಟ್ಟು ಕಾಣದ ಈ ಹೊಳೆಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಮಾನ್ಯತೆ ಬಂತು. ತದಡಿಗೆ ದೈತ್ಯ ವಿದ್ಯುತ್ ಸ್ಥಾವರ ತರಲು ಹೊರಟಾಗ ಜನ ಬೀದಿಗಿಳಿದು ತಡೆಯದಿದ್ದರೆ ಅದು ಬರುತ್ತಿತ್ತೇ? ಈ ಪ್ರಶ್ನೆಯನ್ನು ನಿಮ್ಮ ದೋಣಿಯವನಿಗೆ ಕೇಳಿ. ಸಂಜೆ ಮಿರ್ಜಾನ್ ಕೋಟೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದುಕೊಂಡ ಕೋಟೆ. 16ನೆಯ ಶತಮಾನದಲ್ಲಿ ಅರ್ಧ ಶತಮಾನ ಆಳಿದ ಕನ್ನಡದ ಹೆಣ್ಣುಮಗಳು! ಅವಳ ಕತೆಯನ್ನು ಎರಡು ನಿಮಿಷದ ಇಂಗ್ಲಿಷಿನಲ್ಲಿ ಕೇಳಿ ಬರುವುದೇ?

ನಾಲ್ಕನೆಯ ದಿನ ಶರಾವತಿ. ಹೊನ್ನಾವರದಲ್ಲಿ ಕಾಂಡ್ಲಾ ಕಾಡಿನ ನಡುವೆ ಮರದ ದಾರಿ ಮಾಡಿದ್ದಾರೆ, ದೋಣಿಯಲ್ಲೂ ಹೋಗಬಹುದು. ಕಾಸರಕೋಡಿನ ತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಬಂದಿದೆ. ಪಕ್ಕದ ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿಕೊಂಡು ಬಂದಿದ್ದಾರೆ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುವ ದಡವೂ ಅದೇ. ರಾತ್ರಿ ಅಲ್ಲಿ ಬೆಂಕಿ ಹಚ್ಚಿ, ಸ್ಪೀಕರ್ ಹಾಕಿ ಕುಣಿಯುವ ‘ಬೆಂಗಳೂರು ಹುಡುಗರು’ ನೀವಾಗಬೇಡಿ. ಬೆಳಕು ಕಂಡರೆ ಆಮೆಮರಿಗಳು ಕಡಲಿನ ದಿಕ್ಕು ತಪ್ಪುತ್ತವೆ. ಗುಣವಂತೆ ಊರಿನಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮಂಡಳಿಯಿದೆ. ದೀಪಾವಳಿಯಿಂದ ಬೇಸಿಗೆಯ ಕೊನೆಯವರೆಗೆ ಎಲ್ಲಿ ಆಟವಿದೆ ಎಂದು ವಿಚಾರಿಸಿ, ಒಂದು ರಾತ್ರಿ ಚಂಡೆಯ ಮುಂದೆ ಕೂರಿ. ಒಂದೂ ಇಂಗ್ಲಿಷ್ ಪದ ಬಳಸದೆ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವೇಷಧಾರಿಗಳು ವಾದಿಸುವುದನ್ನು ಕೇಳಿದ ಮೇಲೆ ‘ಕನ್ನಡದಲ್ಲಿ ಹೇಳೋಕೆ ಆಗಲ್ಲ ಗುರು’ ಎಂಬ ಮಾತು ನಿಮ್ಮ ಬಾಯಲ್ಲಿ ಬಂದರೆ ನಮ್ಮನ್ನು ಕೇಳಿ! ಕೊನೆಗೆ ಮುರ್ಡೇಶ್ವರದ 123 ಅಡಿಯ ಶಿವ, ಭಟ್ಕಳದ ಕಲ್ಲಿನ ಬಸದಿ, ಕೇತಪೈ ನಾರಾಯಣ ದೇಗುಲ. ವಿಜಯನಗರಕ್ಕೆ ಕುದುರೆಗಳು ಇಳಿದ ಬಂದರು ಭಟ್ಕಳ. ಅಲ್ಲಿಂದ ಮನೆಗೆ ರೈಲು.

ಕನ್ನಡದ ಹೆಸರಿನಲ್ಲಿ ಜೋರು ಬೇಡ

ಇಲ್ಲೊಂದು ಮಾತನ್ನು ನಮ್ಮ ಹುಡುಗರಿಗೇ ಹೇಳಬೇಕು. ಈ ಕರಾವಳಿಯಲ್ಲಿ ಕನ್ನಡವೂ ಒಂದೇ ಥರ ಇಲ್ಲ. ಹಾಲಕ್ಕಿ ಕನ್ನಡ ಬೇರೆ, ಹವ್ಯಕ ಕನ್ನಡ ಬೇರೆ. ‘ಆಗಬಹುದು’ ಎನ್ನಲು ಅವರು ‘ಅಡ್ಡಿಲ್ಲ’ ಎನ್ನುತ್ತಾರೆ. ಎಷ್ಟು ಚೆಂದದ ಮಾತು, ಕಲಿತು ಬನ್ನಿ. ನಗಬೇಡಿ. ಜೊತೆಗೆ ಕಾರವಾರದ ಮನೆಗಳಲ್ಲಿ ಕೊಂಕಣಿ ಇದೆ, ಭಟ್ಕಳದಲ್ಲಿ ನವಾಯತಿ ಇದೆ. ಮನೆಯಲ್ಲಿ ಕೊಂಕಣಿ ಆಡಿ ಹೊರಗೆ ಕನ್ನಡ ಬರೆದು ಬೆಳಗಿಸಿದವರ ಸಾಲು ಈ ಜಿಲ್ಲೆಯಲ್ಲಿ ದೊಡ್ಡದು. ಚಿತ್ತಾಲರ ಮನೆಮಾತೂ ಕೊಂಕಣಿಯೇ.

1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆ 1956ರ ನವೆಂಬರ್ 1ರಂದು ನಮ್ಮ ಜೊತೆ ಒಂದಾಯಿತು. ಆಮೇಲೆ ಕಾರವಾರ ನಮ್ಮದು ಎಂದು ಮಹಾರಾಷ್ಟ್ರ ಹಕ್ಕು ಮಂಡಿಸಿದಾಗ 1967ರಲ್ಲಿ ಮಹಾಜನ ಆಯೋಗ ಅದನ್ನು ಒಪ್ಪಲಿಲ್ಲ. ಕಾಗದದಲ್ಲಿ ಕಾರವಾರ ಉಳಿಯಿತು. ಮನಸ್ಸಿನಲ್ಲಿ ಉಳಿಸಿಕೊಂಡಿದ್ದೇವೆಯೇ? ಐವತ್ತು-ಅರವತ್ತು ವರ್ಷಗಳಿಂದ ನಾವು ಅಲ್ಲಿಗೆ ಹೋಗದೆ, ಅವರನ್ನು ಕೇಳದೆ, ಗಡಿಯ ಗಲಾಟೆ ಬಂದಾಗ ಮಾತ್ರ ‘ಕಾರವಾರ ನಮ್ಮದು’ ಎಂದು ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಕೂಗಿದರೆ ಅವರು ನಗುವುದಿಲ್ಲವೇ? ಆದ್ದರಿಂದ ಕೊಂಕಣಿ ಮಾತನಾಡುವವನ ಮೇಲೆ ಕಣ್ಣು ಕೆಂಪು ಮಾಡಲು ಹೋಗುವವರು ರೈಲು ಹತ್ತುವುದೇ ಬೇಡ. ನೆಂಟರ ಮನೆಗೆ ಹೋದಂತೆ ಹೋಗಿ.

ಗೈಡುಗಳಿಗೂ, ಸರ್ಕಾರಕ್ಕೂ

ಕರಾವಳಿಯ ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ‘ಕನ್ನಡ ಬರುತ್ತದೆ’ ಎಂಬುದೊಂದೇ ಗೈಡಿನ ಅರ್ಹತೆಯಲ್ಲ. ಸಿಕ್ಕಿದ್ದನ್ನೆಲ್ಲ ಪಾಂಡವರು ಕಟ್ಟಿದರು ಎಂದು ಕೈಚೆಲ್ಲಬೇಡಿ. ಕೋಟೆಯ ಬಗ್ಗೆ ಎರಡು ಅಭಿಪ್ರಾಯವಿದ್ದರೆ ಎರಡನ್ನೂ ಹೇಳಿ. ಪ್ರಥಮ ಚಿಕಿತ್ಸೆ ಕಲಿಯಿರಿ, ದೋಣಿಯಲ್ಲಿ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ತೊಡಿಸಿ. ಕುಡಿದು ನೀರಿಗಿಳಿಯುವವನನ್ನು ‘ಕಾಸು ಕೊಟ್ಟಿದ್ದಾನೆ’ ಎಂದು ಬಿಡಬೇಡಿ. ನಮ್ಮ ಹುಡುಗರು ನಿಮ್ಮನ್ನು ಕರೆಯುವುದು ಕನಿಕರದಿಂದಲ್ಲ, ನಿಮ್ಮ ತಿಳಿವಳಿಕೆಗಾಗಿ. ಇಂಗ್ಲಿಷ್, ಹಿಂದಿಯನ್ನೂ ಕಲಿತು ಹೊರಗಿನವರಿಗೂ ದಾರಿ ತೋರಿಸಿ. ಆದರೆ ಮೊದಲ ಮಾತು ಕನ್ನಡದ್ದಾಗಲಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರೇ. ಒಂದು, ಪ್ರತಿ ಕಡಲತೀರದಲ್ಲಿ ಅಪಾಯದ ಜಾಗ ಗುರುತಿಸಿ, ದೂರದಿಂದಲೇ ಕಾಣುವಂತೆ ದೊಡ್ಡ ಕನ್ನಡ ಅಕ್ಷರದ ಫಲಕ ನಿಲ್ಲಿಸಿ. ಅದರ ಕೆಳಗೆ ಬೇರೆ ಭಾಷೆಗಳೂ ಇರಲಿ, ಬೇಡವೆಂದವರು ಯಾರು? ಜೀವಕ್ಕೆ ಭಾಷೆಯ ಭೇದವಿಲ್ಲ. ಎರಡು, ತೀರದ ಊರುಗಳ ಮೀನುಗಾರರ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಸೇರಿಸಿ, ಗೈಡು ತರಬೇತಿ ಮತ್ತು ಪರವಾನಗಿ ಕೊಟ್ಟು ಅವರ ಹೆಸರಿನ ಪಟ್ಟಿಯನ್ನು ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಹಾಕಿ. ಮೂರು, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂದು 2024ರಲ್ಲಿ ನೀವೇ ಮಾಡಿದ ಕಾನೂನು ಕಡಲತೀರದ ರೆಸಾರ್ಟಿನ ಗೇಟಿನವರೆಗೂ ತಲುಪಲಿ. ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಒಂದು ಕಾನೂನು, ರೆಸಾರ್ಟಿಗೆ ಇನ್ನೊಂದು ಎಂದಿಲ್ಲವಲ್ಲ!

ಬುಟ್ಟಿ ಎಸೆದು ಓಡಿಬಂದವಳು

ಆ ಸಂಜೆ ದಡಕ್ಕೆ ಬಂದ ಮೇಲೆ ನಾವು ಆ ಹೆಂಗಸಿಗೆ ಹಣ ಕೊಡಲು ಹೋದೆವು. ಅವಳು ಮುಟ್ಟಲಿಲ್ಲ. ‘ದುಡ್ಡು ಬೇಡ. ಇನ್ನೊಂದ್ ಸಲ ಬಂದಾಗ ಮೊದ್ಲು ಕೇಳಿ ಇಳೀರಿ’ ಎಂದಳು. ಮರಳಿನಲ್ಲಿ ಚೆಲ್ಲಿಹೋಗಿದ್ದ ಮೀನುಗಳನ್ನು ಒಂದೊಂದಾಗಿ ಆಯತೊಡಗಿದಳು. ನಾವು ಹನ್ನೊಂದು ಜನವೂ ಕೂತು ಆಯ್ದೆವು. ಆ ಗೈಡು ಹುಡುಗನೂ ಆಯ್ದ. ಹೋಗುವಾಗ ಅವಳ ಬಾಯಿಂದ ಕೇಳಿ ಎರಡು ಕನ್ನಡ ಪದ ಕಲಿತ: ನೀರು, ಎಳೀತದೆ. ಮುಂದಿನ ತಂಡಕ್ಕಾದರೂ ಅವನು ಆ ಎರಡು ಪದ ಹೇಳಿರಬಹುದು ಎಂದು ನಾವು ನಂಬಿದ್ದೇವೆ.

ನಾಲ್ವರ ಜೀವ ಉಳಿಸಿದ್ದು ಒಂದು ಕನ್ನಡ ವಾಕ್ಯ. ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಆದರೆ ಅವಳ ಮಗನನ್ನೋ ಮಗಳನ್ನೋ ಗೈಡೆಂದು ಕರೆದು, ಕೈತುಂಬ ಕೂಲಿ ಕೊಟ್ಟು, ಅವರ ಹಿಂದೆ ನಡೆಯಬಹುದು.

ಈ ಚಳಿಗಾಲದಲ್ಲಿ ಒಂದು ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್ಲಿಗೆ ಬೆನ್ನು ಹಾಕಿ ರೈಲು ನಿಲ್ದಾಣಕ್ಕೆ ನಡೆಯಿರಿ. ಟಿಕೆಟ್ ತೆಗೆಯುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ನಮ್ಮ ಗೈಡು ಯಾವ ಊರಿನವರು?’

ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಹೊರಡಿ. ಹೋಗಿಬಂದು ನಮಗೆ ಬರೆಯಿರಿ. ಏನೇನು ನೋಡಿದಿರಿ ಎಂದಲ್ಲ, ಯಾರ್‍ಯಾರನ್ನು ಮಾತನಾಡಿಸಿದಿರಿ ಎಂದು.

— ಸಂಪಾದಕ